ಎರಡು ಕ್ವಾಡ್ ಬೈಕು, ಎರಡು ರಿಮೋಟು

ಹಳೆಯ ಗಾಡಿ ಕೊಳ್ಳುವಾಗ ಮೋಸ ಹೋಗುವವರಲ್ಲಿ ಎರಡು ಬಗೆ. ಪರೀಕ್ಷೆ ಮಾಡದೆ ಕೊಳ್ಳುವವರು ಒಂದು ಬಗೆ. ಗೆಳೆಯನ ಗೆಳೆಯನನ್ನು ಕರೆದುಕೊಂಡು ಹೋಗಿ ಅವನಿಂದ ಪರೀಕ್ಷೆ ಮಾಡಿಸುವವರು ಇನ್ನೊಂದು ಬಗೆ. ಈ ಎರಡರಲ್ಲೂ ಸೇರದ ಮೂರನೆಯ ಬಗೆಯ ಮನುಷ್ಯ ಕೊಪ್ಪಳ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂದು ಒಂದು ಭಾನುವಾರ ಮನೆಯಲ್ಲಿ ಘೋಷಿಸಿಬಿಟ್ಟೆ!

ಘೋಷಣೆಗೆ ಆಧಾರವಿತ್ತು. ನಾನು ಬಿ.ಎಸ್ಸಿ. ಪದವೀಧರ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ರೈತರು ಚೀಲದಲ್ಲಿ ತಂದ ಒಂದು ಬೊಗಸೆ ಮಣ್ಣು ನೋಡಿ ಇಡೀ ಹೊಲದ ಜಾತಕ ಬರೆದು ಕೊಡುವವನಿಗೆ ಒಂದು ಇಂಜಿನ್ನಿನ ಹೊಟ್ಟೆಯೊಳಗಿನ ಗುಟ್ಟು ಎಷ್ಟರದು?

ವಿಷಯ ಶುರುವಾದದ್ದು ಕೊರೊನಾ ಬಂದು ಹೋದ ಮೇಲೆ ಸಾಣಾಪುರದ ಕೆರೆ ನೋಡಲು ಹೋದಾಗ. ಅಲ್ಲಿ ಪ್ರವಾಸಿಗಳು ಕ್ವಾಡ್ ಬೈಕು ಓಡಿಸುತ್ತಿದ್ದರು. ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲು, ಕುದುರೆಯಂತೆ ಕಾಲು ಚಾಚಿ ಕೂರುವ ಸೀಟು, ಕೆಳಗೆ ಕುಂಬಳಕಾಯಿಯಂಥ ನಾಲ್ಕು ಗಾಲಿ. ಏಳು ವರ್ಷದ ನನ್ನ ಮಗಳು ಸಹನಾ ಅದರ ಹತ್ತಿರ ಹೋದಳು. ಇಷ್ಟು ಸಣ್ಣವರಿಗೆ ಇಲ್ಲವೆಂದು ಅಲ್ಲಿಯವರು ವಾಪಸು ಕಳಿಸಿದರು. ಅವಳು ಅಳಲಿಲ್ಲ. ಬಸ್ಸು ಗಂಗಾವತಿ ದಾಟಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಅಪ್ಪಾ, ಅದು ನಮ್ಮ ಹೊಲದಾಗ ಓಡತೈತೇನು?"

ಒಳ್ಳೆಯ ಪ್ರಶ್ನೆ! ಯಲಬುರ್ಗಾದ ಆಚೆ ಇರುವ ನಮ್ಮ ಊರಿನ ಹೊಲ ಎಂದರೆ ಎರೆ ಮಣ್ಣು. ಎರಡು ಹನಿ ಬಿದ್ದರೆ ಸ್ಕೂಟರಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ, ಗಾಡಿ ನಮ್ಮನ್ನು ಹೊರುವ ಬದಲು ನಾವು ಗಾಡಿಯನ್ನು ಹೊರಬೇಕು. ಅಗಲವಾದ ಟೈರು, ಕಡಿಮೆ ಗಾಳಿ, ನಾಲ್ಕು ಕಡೆ ಹಂಚಿದ ಭಾರ: ಯೋಚಿಸಿದಷ್ಟೂ ವೈಜ್ಞಾನಿಕವಾಗಿ ಕಂಡಿತು. ಒಂದು ವಾರದಲ್ಲಿ ಅದು ಮಗಳ ಆಸೆ ಎನ್ನುವುದು ಮರೆತು, ನನ್ನದೇ ಸಂಶೋಧನೆ ಎನಿಸತೊಡಗಿತು. ನನಗೊಂದು ದೊಡ್ಡದು, ಅವಳಿಗೊಂದು ಸಣ್ಣದು. ಅಪ್ಪ ಮುಂದೆ, ಮಗಳು ಹಿಂದೆ, ಹೊಲದ ದಾರಿ.

ನನ್ನ ಹೆಂಡತಿ ಸುಕನ್ಯಾ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಆಕೆ ಮನೆಯಲ್ಲೂ ಬಾಯಿಮಾತಿನಲ್ಲಿ ಏನನ್ನೂ ಒಪ್ಪುವುದಿಲ್ಲ, ಮಂಜೂರು ಮಾಡುತ್ತಾಳೆ. ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಆದೇಶ ಹೊರಡಿಸಿದಳು.

"ತಗೊಳ್ರಿ. ಆದ್ರ ಒಂದು ಷರತ್ತು. ಒಂದ ಒಂದು ಹೆಚ್ಚುಕಡಿಮಿ ಆತಂದ್ರ ಎರಡೂ ಗಾಡಿ ಬಂದ ಹಾದಿ ಹಿಡೀಬೇಕು. ಯಾರ ತಪ್ಪು ಅಂತ ನಾ ಕೇಳೂದಿಲ್ಲ."

"ಎರಡೂನಾ?" ಎಂದಳು ಸಹನಾ.

"ಎರಡೂ."

ಸಹನಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಅಪ್ಪನ ಮೇಲೆ ನಂಬಿಕೆ ಎಷ್ಟಿತ್ತೋ ಅನುಮಾನವೂ ಅಷ್ಟೇ ಇತ್ತು. ನಾನು ಅವಳ ತಲೆ ಸವರಿ, ವಿಜ್ಞಾನ ಇರುವ ಕಡೆ ಹೆಚ್ಚುಕಡಿಮೆ ಇರುವುದಿಲ್ಲ ಎಂದೆ.

ಆಯ್ಕೆ ಶುರುವಾಯಿತು. ಹಿಟ್ನಾಳದ ಹತ್ತಿರ ಹೆದ್ದಾರಿ ಪಕ್ಕ ಒಂದು ಇದೆಯೆಂದು ಕೇಳಿ ಹೋದೆವು. ಒಡೆಯ ಗುಂಡಿ ಒತ್ತಿದ ತಕ್ಷಣ ಇಂಜಿನ್ನು ಹಾಡಿತು. ನಾನು ಅದಕ್ಕಿಂತ ಮೊದಲೇ ಇಂಜಿನ್ನಿನ ಮೇಲೆ ಕೈ ಇಟ್ಟು ನೋಡಿದ್ದೆ. ರೊಟ್ಟಿಯ ಹಂಚಿನಂತೆ ಬಿಸಿಯಾಗಿತ್ತು. ಗಿರಾಕಿ ಬರುವ ಮೊದಲೇ ಬಿಸಿಯಾದ ಇಂಜಿನ್ನು, ತಣ್ಣಗಿದ್ದಾಗ ಏಳುವುದಿಲ್ಲವೆಂದೇ ಅರ್ಥ. ನಮಸ್ಕಾರ ಹೇಳಿ ಬಂದೆ. ಕುಷ್ಟಗಿಯಲ್ಲಿ ನೋಡಿದ್ದಕ್ಕೆ ಚೌಕಟ್ಟಿನ ಒಂದು ಕಡೆ ಮಾತ್ರ ಹೊಸ ಬಣ್ಣ. ಉಗುರಿನಿಂದ ಕೆರೆದರೆ ಕೆಳಗೆ ವೆಲ್ಡಿಂಗು. ಅದಕ್ಕೂ ನಮಸ್ಕಾರ. ಹೀಗೆ ನಮಸ್ಕರಿಸುತ್ತ ತಿಂಗಳು ಕಳೆಯಿತು. ಇಟಗಿಯ ಗುಡಿ ಕಟ್ಟಿದವರೂ ಕಲ್ಲನ್ನು ಇಷ್ಟು ತಿರುಗಿಸಿ ಮುರುಗಿಸಿ ನೋಡಿರಲಿಕ್ಕಿಲ್ಲ ಎಂದು ಸುಕನ್ಯಾ ಅಂದಳು. ಆ ಗುಡಿ ಇನ್ನೂ ನಿಂತಿದೆಯಲ್ಲ ಎಂದೆ.

ಕೊನೆಗೆ ಗಂಗಾವತಿಯಲ್ಲಿ ಹಳೆಯ ಗಾಡಿಗಳ ವ್ಯಾಪಾರಿ ಇಬ್ರಾಹಿಂಸಾಬ ಸಿಕ್ಕರು. ಬಾಗಿಲು ಮುಚ್ಚಿದ ಯಾವುದೋ ರೆಸಾರ್ಟಿನ ಕ್ವಾಡ್ ಬೈಕುಗಳು ಅವರ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಎಲ್ಲವೂ ತಣ್ಣಗಿದ್ದವು. ನನ್ನ ಎದೆಯೂ ತಣ್ಣಗಾಯಿತು. ಅಂಗಿಯ ತೋಳು ಮಡಿಸಿದೆ.

ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಬೇರಿಂಗು ನೋಡಿದೆ. ಟೈರಿನ ಗೀರಿನಲ್ಲಿ ನಾಣ್ಯ ಇಳಿಸಿ ಸವೆತ ನೋಡಿದೆ. ಇಳಿಜಾರಿನಲ್ಲಿ ಬಿಟ್ಟು ಬ್ರೇಕು ನೋಡಿದೆ. ಹೊಗೆಯನ್ನು ಬಿಳಿ ಕರವಸ್ತ್ರಕ್ಕೆ ಹಿಡಿದು ಬಣ್ಣ ನೋಡಿದೆ. ಸಣ್ಣ ಗಾಡಿಯ ಮೇಲೆ ಸಹನಾಳನ್ನು ಕೂರಿಸಿ, ಪಾದ ಪೂರ್ತಿ ಊರುತ್ತದೆಯೇ, ಬೆರಳು ಬ್ರೇಕಿಗೆ ಎಟಕುತ್ತದೆಯೇ ಎಂದು ನೋಡಿದೆ. ಅದರ ವೇಗ ಮಿತಿಯ ಸ್ಕ್ರೂ ತಿರುಗಿಸಿ, ಗಾಡಿ ನನ್ನ ನಡಿಗೆಗಿಂತ ಮುಂದೆ ಹೋಗದಂತೆ ಮಾಡಿದೆ. ಇಬ್ರಾಹಿಂಸಾಬರು ಎರಡು ಸಲ ಚಹಾ ತರಿಸಿದರು. ಮೂರನೆಯ ಸಲಕ್ಕೆ ಹೇಳಿದರು:

"ಸಾಹೇಬ್ರ, ನನ್ನ ಮಗಳಿಗೆ ವರ ನೋಡುವಾಗ ನೀವು ಯಾಕ ಪರಿಚಯ ಇರ್ಲಿಲ್ರಿ?"

ರೆಸಾರ್ಟಿನವರು ಪ್ರತಿ ಗಾಡಿಗೂ ಒಂದು ರಿಮೋಟು ಇಟ್ಟಿದ್ದರು. ಬೆಂಕಿಪೊಟ್ಟಣದಷ್ಟು ಡಬ್ಬಿ, ನಡುವೆ ಕೆಂಪು ಗುಂಡಿ. ಪ್ರವಾಸಿ ಹುಚ್ಚುಹುಚ್ಚಾಗಿ ಓಡಿಸಿದರೆ ದೂರದಿಂದಲೇ ಗುಂಡಿ ಒತ್ತಿ ಇಂಜಿನ್ನು ಬಂದ್ ಮಾಡಬಹುದು. ಮಕ್ಕಳ ಗಾಡಿಗೆ ಇದಕ್ಕಿಂತ ದೊಡ್ಡ ವರ ಇನ್ನೇನು ಬೇಕು? ಇಬ್ರಾಹಿಂಸಾಬರು ಓಡಿಸುವುದು, ಸಹನಾ ಗೇಟಿನ ಹತ್ತಿರ ನಿಂತು ಗುಂಡಿ ಒತ್ತುವುದು. ಒತ್ತಿದಳು, ನಿಂತಿತು. ಸಾಕಲ್ಲವೇ ಎಂದು ಅವಳು ಕೇಳಿದಳು. ನಾನು ಬೆರಳೆತ್ತಿ ಪಾಠ ಹೇಳಿದೆ.

"ಒಂದ ಸಲ ಆದದ್ದು ಆಕಸ್ಮಿಕ. ಮೂರು ಸಲ ಆದ್ರ ಅದು ಫಲಿತಾಂಶ. ಅದೂ ಪ್ರತಿ ಸಲ ಹೊರಡೂ ಮುಂದ ನೋಡಬೇಕು. ನಿನ್ನೆ ಕೆಲಸ ಮಾಡೇತಿ ಅಂತ ಇವತ್ತು ನಂಬಬಾರದು."

ಅವಳು ಮೂರು ಸಲ ಒತ್ತಿದಳು. ಮೂರು ಸಲವೂ ನಿಂತಿತು. ದೊಡ್ಡ ಗಾಡಿಯ ರಿಮೋಟನ್ನು ನಾನು ಮುಟ್ಟಲೂ ಇಲ್ಲ. ಬೆಳೆದ ಗಂಡಸಿಗೆ, ಅದೂ ವಿಜ್ಞಾನ ಓದಿದವನಿಗೆ, ನಿಲ್ಲಿಸಲು ಇನ್ನೊಬ್ಬರು ಬೇಕೇ? ಇಬ್ರಾಹಿಂಸಾಬರು ಅದನ್ನು ಸಹನಾಳ ಕೈಗಿತ್ತು, ಆಟ ಆಡು ಎಂದರು. ಅವಳು ಅದನ್ನೂ ಮೂರು ಸಲ ಒತ್ತಿ ನೋಡಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಈ ಜೋಡಿಯನ್ನು ಆರಿಸುವಾಗ ಎದ್ದಿದ್ದ ತಕರಾರು ಒಂದೇ, ಬಣ್ಣದ್ದು. ಪರೀಕ್ಷೆಯಲ್ಲಿ ಕೆಂಪು ಜೋಡಿಗೂ ಹಸಿರು ಜೋಡಿಗೂ ಸಮನಾದ ಅಂಕ. ಸಹನಾಳಿಗೆ ಹಸಿರೇ ಬೇಕು. ಬಣ್ಣಕ್ಕೂ ಗಾಡಿಯ ಗುಣಕ್ಕೂ ಯಾವ ಸಂಬಂಧವೂ ಇಲ್ಲವೆಂದು ನಾನು ವಿವರವಾಗಿ ತಿಳಿಸಿದೆ.

"ಹಂಗಾದ್ರ ಹಸರು ತಗೊಂಡ್ರೂ ನಡೀತೈತಲ್ಲ?" ಎಂದಳು.

ತರ್ಕದಲ್ಲಿ ದೋಷವಿರಲಿಲ್ಲ. ಹಸಿರು ಜೋಡಿಯೇ ಟೆಂಪೊ ಹತ್ತಿತು.

ಈ ಗಾಡಿಗಳು ರಸ್ತೆಯ ಮೇಲೆ ಓಡಿಸುವಂಥವಲ್ಲ. ನಾನು ನಿಯಮ ತಪ್ಪುವವನೂ ಅಲ್ಲ. ಟೆಂಪೊ ನೇರವಾಗಿ ನಮ್ಮ ಹೊಲದ ಷೆಡ್ಡಿಗೆ ಬಂದು ಎರಡನ್ನೂ ಇಳಿಸಿತು. ಆ ದಿನ ಕಾರಹುಣ್ಣಿಮೆ. ಟೆಂಪೊದವನಿಗೆ ಬಿಡುವಿದ್ದದ್ದು ಅಂದೇ ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಆದರೆ ನನ್ನ ತಾಯಿ ಯಮನೂರಮ್ಮನಿಗೆ ಅದು ಕಾರಣವಿಲ್ಲದೆ ನಡೆದದ್ದೆಂದು ಅನಿಸಲೇ ಇಲ್ಲ.

ಕಾರಹುಣ್ಣಿಮೆ ಎಂದರೆ ನಮ್ಮಲ್ಲಿ ಎತ್ತುಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೆಜ್ಜೆ ಗೊಂಡೆ ಕಟ್ಟಿ, ಸಂಜೆ ಊರ ಹೊರಗಿನಿಂದ ಊರಬಾಗಿಲಾದ ಅಗಸಿಯ ಕಡೆಗೆ ಓಡಿಸುತ್ತಾರೆ. ಅಗಸಿಗೆ ಅಡ್ಡವಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿರುತ್ತಾರೆ, ಅದೇ ಕರಿ. ಅದನ್ನು ಮೊದಲು ಹರಿದ ಎತ್ತು ಕೆಂದಬಣ್ಣದ್ದಾದರೆ ಮುಂಗಾರು ಬೆಳೆ ಚೆನ್ನ, ಬಿಳಿಯದಾದರೆ ಹಿಂಗಾರು ಚೆನ್ನ ಎಂಬುದು ನಮ್ಮೂರಿನ ಲೆಕ್ಕ. ನಮ್ಮ ಮನೆಯ ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರಿಗೆ ಇಳಿದ ಮೇಲೆ ಅವುಗಳ ಆಭರಣವೆಲ್ಲ ಅಟ್ಟ ಸೇರಿತ್ತು. ಅವ್ವ ಪ್ರತಿ ವರ್ಷ ಆ ಗಂಟು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮತ್ತೆ ಕಟ್ಟಿ ಮೇಲಿಡುತ್ತಿದ್ದಳು. ಯಾಕೆಂದು ನಾವು ಕೇಳುತ್ತಿರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಷೆಡ್ಡಿಗೆ ಹೋದರೆ ನನ್ನ ಕ್ವಾಡ್ ಬೈಕು ಕಾಣಲಿಲ್ಲ. ಅದರ ಜಾಗದಲ್ಲಿ ಒಂದು ಎತ್ತು ನಿಂತಿತ್ತು! ಮುಂದೆ ಹಣೆಪಟ್ಟಿ. ಸೀಟಿನ ಮೇಲೆ ಎತ್ತಿನ ಬೆನ್ನಿಗೆ ಹೊದಿಸುವ ಕನ್ನಡಿ ಚೂರಿನ ಜೂಲ. ಹ್ಯಾಂಡಲ್ಲಿಗೆ ಎರಡೂ ಕಡೆ ಬಣ್ಣದ ಬಟ್ಟೆ ಸುತ್ತಿ, ತುದಿಗೆ ಕೊಂಬಿಗೆ ತೊಡಿಸುವ ಹಿತ್ತಾಳೆಯ ಅಣಸು, ಅದರಿಂದ ಇಳಿಬಿಟ್ಟ ಉಣ್ಣೆಯ ಗೊಂಡೆ. ಸುತ್ತಲೂ ಗೆಜ್ಜೆಸರ. ಪಕ್ಕದಲ್ಲಿ ಸಣ್ಣ ಗಾಡಿ ಕರುವಿನಂತೆ ಒಂದೇ ಗಂಟೆ ಕಟ್ಟಿಕೊಂಡು ನಿಂತಿತ್ತು. ಅವ್ವ ಗಾಲಿಗೆ ಅರಿಶಿನ ಹಚ್ಚುತ್ತಿದ್ದಳು. ಅವಳ ಮುಖ ನೋಡಿ, ತೆಗೆ ಎನ್ನಲು ನನಗೆ ಬಾಯಿ ಬರಲಿಲ್ಲ.

"ಎಲ್ಲಾ ಎತ್ತಿನ ಹಿಂದ, ಕಡೀಕ, ಸಾವಕಾಶ ಅಗಸಿಯೊಳಗ ತಗೊಂಡು ಬಾ" ಎಂದಳು. "ನಮ್ಮ ಮನಿಯಿಂದ ಏನೂ ಹೋಗಲಾರದ ಭಾಳ ವರ್ಷ ಆತು."

ಒಪ್ಪಿದೆ. ಆದರೂ ವಿಜ್ಞಾನಿ ವಿಜ್ಞಾನಿಯೇ. ಎತ್ತುಗಳಿರುವ ಕಡೆ ಮಗು ಗಾಡಿ ಓಡಿಸಬಾರದೆಂದು ಸಣ್ಣದನ್ನು ಷೆಡ್ಡಿನಲ್ಲೇ ಬೀಗ ಹಾಕಿ ಬಿಟ್ಟೆ. ಅದರ ರಿಮೋಟನ್ನು, ಯಾರ ಕೈಗೂ ಸಿಗಬಾರದೆಂದು, ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಸಹನಾಳಿಗೆ ಅವಳ ಅವ್ವನ ಜೊತೆ ಅಗಸಿಯ ಒಳಗಿನ ಬೇವಿನಕಟ್ಟೆಯ ಹತ್ತಿರ ನಿಲ್ಲಲು ಹೇಳಿದೆ. ಅಪಾಯದ ಒಂದು ದಾರಿಯನ್ನೂ ತೆರೆದಿಡಲಿಲ್ಲ. ನಾನು ಕೂರಲಿದ್ದ ಗಾಡಿಯೊಂದನ್ನು ಬಿಟ್ಟು!

ಹೊಲದ ದಾರಿಯಲ್ಲಿ ಎತ್ತುಗಳು ಜೋಡಿ ಜೋಡಿಯಾಗಿ ನಿಂತಿದ್ದವು. ಮುಂದೆ ಹುಲಿಗೆಪ್ಪನ ಬಿಳಿ ಜೋಡಿ; ಈ ಸಲ ಕರಿ ಅವನದೇ ಎಂದು ಊರೆಲ್ಲ ಮಾತು. ನಾನು ಎಲ್ಲರ ಹಿಂದೆ, ಪಕ್ಕದ ಬಯಲಿನಲ್ಲಿ, ಜೂಲದ ಮೇಲೆ ವರನಂತೆ ಕೂತಿದ್ದೆ. ಹಲಗೆ ಬಾರಿಸಿದರು. ಎತ್ತುಗಳನ್ನು ಬಿಟ್ಟರು. ಅವು ದೂರ ಹೋಗಲೆಂದು ಕಾದು, ಹೆಬ್ಬೆರಳಿನಿಂದ ವೇಗದ ಗುಂಡಿಯನ್ನು ಒಂದೇ ಒಂದು ಕೂದಲೆಳೆಯಷ್ಟು ಒತ್ತಿದೆ.

ಉಣ್ಣೆಯ ಗೊಂಡೆ ಗುಂಡಿಯ ಸಂದಿಯೊಳಗೆ ಹೋಗಿ ಕೂತಿತು. ಹೆಬ್ಬೆರಳು ತೆಗೆದೆ. ಗುಂಡಿ ವಾಪಸು ಬರಲಿಲ್ಲ. ಗಾಡಿ ಹೊರಟಿತು.

ಹೊರಟಿತು ಎನ್ನುವುದು ಸೌಜನ್ಯದ ಮಾತು. ಗೆಜ್ಜೆಗಳೆಲ್ಲ ಒಮ್ಮೆಗೇ ಕುಣಿದವು. ಇಂಜಿನ್ ನಿಲ್ಲಿಸುವ ಸ್ವಿಚ್ಚು ಎಡ ಹ್ಯಾಂಡಲ್ಲಿನಲ್ಲಿ ಇದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಅವ್ವ ಸುತ್ತಿದ ಮೂರು ಸುತ್ತು ಬಟ್ಟೆಯ ಕೆಳಗಿತ್ತು. ಬ್ರೇಕು ಹಿಡಿದೆ; ಹಿಡಿಯ ಹಿಂದೆ ಗೆಜ್ಜೆಸರ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿತು. ಜೇಬಿನಿಂದ ರಿಮೋಟು ತೆಗೆದು ಒತ್ತಿದೆ. ಮತ್ತೆ ಒತ್ತಿದೆ. ಮೂರು ಸಲವೂ ಒತ್ತಿದೆ! ಷೆಡ್ಡಿನಲ್ಲಿ ಬೀಗದೊಳಗೆ ನಿಂತಿದ್ದ ಸಣ್ಣ ಗಾಡಿ ನನ್ನ ಆಜ್ಞೆಯನ್ನು ಪಾಲಿಸಿ ನಿಂತೇ ಇತ್ತು.

ಬಯಲು ಮುಗಿಯಿತು. ಒಂದು ಕಡೆ ಕಳ್ಳಿ ಬೇಲಿ, ಇನ್ನೊಂದು ಕಡೆ ಜನ. ತೆರೆದಿದ್ದ ದಾರಿ ಒಂದೇ, ಅಗಸಿ. ಕೆಂದೆತ್ತುಗಳನ್ನು ದಾಟಿದೆ. ಹುಲಿಗೆಪ್ಪನ ಬಿಳಿ ಜೋಡಿಯ ಪಕ್ಕಕ್ಕೆ ಬಂದಾಗ ಹಗ್ಗ ಹಿಡಿದು ಓಡುತ್ತಿದ್ದ ಹುಲಿಗೆಪ್ಪ ನನ್ನನ್ನು ನೋಡಿದ. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಯಿಗೆ ಬೇವಿನ ಸೊಪ್ಪು ಬಂತು.

ಕರಿ ಹರಿದಿತ್ತು. ಅದನ್ನು ಹರಿದದ್ದು ಎತ್ತಲ್ಲ, ನನ್ನ ಮುಖ.

ಆದರೆ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಗಸಿಯ ಒಳಗೆ ನೇರವಾಗಿ ಬೇವಿನಕಟ್ಟೆ. ಅದರ ಮುಂದೆ ಆರತಿ ಹಿಡಿದು ನಿಂತ ಹೆಂಗಸರು. ನಡುವೆ ಸುಕನ್ಯಾ. ಎರಡು ಪಕ್ಕದಲ್ಲೂ ಜನ. ತಿರುಗಿಸಲು ಜಾಗವಿಲ್ಲ. ನನ್ನ ಪದವಿ, ಪ್ರಯೋಗಾಲಯ, ನಾಣ್ಯ, ಕರವಸ್ತ್ರ ಯಾವುದೂ ನೆನಪಾಗಲಿಲ್ಲ. ದೂರ ಸರೀರೀ ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ.

ಇಂಜಿನ್ನು ನಿಂತಿತು.

ಹಾಗೆಯೇ, ಒಂದು ಕೆಮ್ಮೂ ಇಲ್ಲದೆ. ಅರ್ಧ ಬ್ರೇಕು ಈಗ ಸಾಕಾಯಿತು. ಗಾಡಿ ಉರುಳಿ ಉರುಳಿ, ಸುಕನ್ಯಾಳ ಆರತಿ ತಟ್ಟೆಯ ಮುಂದೆ, ಆರತಿಗಾಗಿಯೇ ಬಂದಂತೆ ನಿಂತಿತು. ದೀಪ ಕೂಡ ಆರಲಿಲ್ಲ. ಕಟ್ಟೆಯ ಮೇಲೆ ಸಹನಾ ಕೊರಳಿನ ದಾರ ಹಿಡಿದು, ರಿಮೋಟನ್ನು ಎರಡೂ ಕೈಯಲ್ಲಿ ಮೇಲೆತ್ತಿ ನಿಂತಿದ್ದಳು. ಕೆಂಪು ಗುಂಡಿಯ ಮೇಲಿನ ಹೆಬ್ಬೆರಳು ಇನ್ನೂ ತೆಗೆದಿರಲಿಲ್ಲ.

"ಅಪ್ಪಾ," ಎಂದಳು, "ಕೆಲಸ ಮಾಡತೈತಿ."

ಯಾರಿಗೂ ಏನೂ ಆಗಿರಲಿಲ್ಲ. ಹೆಂಗಸರಿಗಿಲ್ಲ, ಎತ್ತಿಗಿಲ್ಲ, ನನಗಿಲ್ಲ. ನಾನು ಕೂತಲ್ಲೇ ಸ್ವಲ್ಪ ಕದಲಿದರೂ ಗೆಜ್ಜೆ ಅದನ್ನು ಊರಿಗೆಲ್ಲ ಸಾರುತ್ತಿತ್ತು. ಆದರೆ ಸಹನಾಳ ಕಣ್ಣು ನನ್ನ ಮೇಲಿರಲಿಲ್ಲ, ಅವಳ ಅವ್ವ ಸುಕನ್ಯಾಳ ಮೇಲಿತ್ತು. ಒಂದೇ ಒಂದು ಹೆಚ್ಚುಕಡಿಮೆ, ಎರಡೂ ಗಾಡಿ ವಾಪಸು. ಅವಳ ಕರು ಇನ್ನೂ ಒಂದು ಗೇಣು ಓಡಿರಲಿಲ್ಲ.

ಸುಕನ್ಯಾ ಬಾಯಿ ತೆರೆಯುವ ಮೊದಲು ಹುಲಿಗೆಪ್ಪ ಬಂದ. ನ್ಯಾಯವಾಗಿಯೇ ಬಂದ. ಯಂತ್ರ ಹರಿದ ಕರಿ ಕರಿಯಲ್ಲ, ಅದನ್ನು ಮತ್ತೆ ಕಟ್ಟಬೇಕು, ತನ್ನ ಎತ್ತುಗಳೇ ಮೊದಲು ಎಂದು ಅವನ ವಾದ. ಊರ ಹಿರಿಯ ಗಾದಿಲಿಂಗಪ್ಪ ಕೋಲು ಊರಿಕೊಂಡು ಬಂದು, ನನ್ನ ಗಾಡಿಯನ್ನು ಎರಡು ಸುತ್ತು ಸುತ್ತಿದ. ನಾನು ಇಬ್ರಾಹಿಂಸಾಬರ ಅಂಗಳದಲ್ಲಿ ಸುತ್ತಿದ್ದೂ ಹೀಗೆಯೇ.

"ಕೊಂಬು ಅದಾವು" ಎಂದ. "ಗೆಜ್ಜಿ ಅದಾವು. ಹಣಿಪಟ್ಟಿ, ಜೂಲ, ನಾಕು ಕಾಲು. ಎತ್ತಿಗೆ ಇನ್ನೇನು ಬೇಕೋ ಹುಲಿಗೆಪ್ಪ?"

"ಬಾಲ ಎಲ್ಲೈತಿ?"

"ಮ್ಯಾಲೆ ಕುಂತಾನಲ್ಲ."

ಜನ ನಕ್ಕರು. ಹುಲಿಗೆಪ್ಪನೂ ನಗು ತಡೆಯಲಾರದೆ ಮುಖ ತಿರುಗಿಸಿದ. ಆದರೆ ಪ್ರಶ್ನೆ ಮುಗಿದಿರಲಿಲ್ಲ. ಕೆಂದ ಬಂದರೆ ಮುಂಗಾರು, ಬಿಳಿ ಬಂದರೆ ಹಿಂಗಾರು. ಇದು ಯಾವ ಬಣ್ಣ? ಗಾದಿಲಿಂಗಪ್ಪ ಜೂಲ ಎತ್ತಿ ನೋಡಿದ. ಇಡೀ ಊರು ಬಗ್ಗಿ ನೋಡಿತು. ಗಾಡಿಯ ಬೇರಿಂಗು ಹೇಗಿದೆ, ಟೈರು ಎಷ್ಟು ಸವೆದಿದೆ ಎಂದು ಒಬ್ಬರೂ ಕೇಳಲಿಲ್ಲ. ನನ್ನ ಪರೀಕ್ಷೆಯಲ್ಲಿ ಅಂಕವೇ ಇಲ್ಲದಿದ್ದ ಒಂದೇ ಒಂದು ವಿಷಯದ ಮೇಲೆ ನಮ್ಮೂರಿನ ಒಂದು ವರ್ಷದ ಬೆಳೆ ನಿಂತಿತ್ತು!

"ಹಸರು" ಎಂದ ಗಾದಿಲಿಂಗಪ್ಪ. "ಮುಂಗಾರಿನೂ ಹಸರು, ಹಿಂಗಾರಿನೂ ಹಸರು."

ಹಲಗೆಯವರಿಗೆ ಅಷ್ಟೇ ಬೇಕಿತ್ತು. ಸದ್ದಿನ ನಡುವೆ ಸುಕನ್ಯಾ ಮುಂದೆ ಬಂದು, ಹಸಿರೋ ಕೆಂಪೋ, ಈ ಎರಡೂ ನಾಳೆ ಬೆಳಿಗ್ಗೆ ಗಂಗಾವತಿಗೆ ಹೋಗುತ್ತವೆ ಎಂದು ಹಿರಿಯನಿಗೆ ಮರ್ಯಾದೆಯಿಂದಲೇ ತಿಳಿಸಿದಳು. ಗಾದಿಲಿಂಗಪ್ಪ ಆಕೆಯನ್ನು ನೋಡಿದ. ಆಮೇಲೆ ಕಟ್ಟೆಯ ಮೇಲೆ ರಿಮೋಟು ಎದೆಗೆ ಒತ್ತಿಕೊಂಡು ನಿಂತ ಹುಡುಗಿಯನ್ನು ನೋಡಿದ. ಸ್ವಲ್ಪ ಹೊತ್ತು ಮೀಸೆ ತಿರುವಿದ.

"ಕರಿ ಹರದ ಎತ್ತು ಹಿಂಗಾರಿ ರಾಶಿ ಆಗೂತನಕ ಊರು ಬಿಡಬಾರದವ್ವ. ಅದರ ಕರಾನೂ ಬಿಡಬಾರದು."

ಅಂಥ ಪದ್ಧತಿ ಇರುವುದನ್ನು ನಾನು ಎಂದೂ ಕೇಳಿರಲಿಲ್ಲ. ಗಾದಿಲಿಂಗಪ್ಪನೂ ಆಗಲೇ ಮೊದಲು ಕೇಳಿದನೆಂದು ನನ್ನ ಅನುಮಾನ. ಪಕ್ಕದಲ್ಲಿ ಅವ್ವ ಮಾತ್ರ ಹೌದು ಹೌದು ಎಂದು ತಲೆಯಾಡಿಸುತ್ತ ಸೆರಗಿನಿಂದ ಗಾಡಿಯ ಕೊಂಬು ಒರೆಸುತ್ತಿದ್ದಳು. ತಾಲ್ಲೂಕು ಕಚೇರಿಯಲ್ಲಿ ಎಷ್ಟೋ ಸುತ್ತೋಲೆ ನೋಡಿದ ಸುಕನ್ಯಾ, ಮೇಲಿನವರ ಆದೇಶವನ್ನು ಮೀರುವ ಹಾಗಿಲ್ಲವೆಂದು ತಿಳಿದವಳು. ನನ್ನ ಕಿವಿಯಲ್ಲಿ ಸಿಕ್ಕಿದ್ದ ಬೇವಿನ ಎಲೆ ತೆಗೆದು, ಎದೆಯ ಮೇಲೆ ಕೈ ಇಟ್ಟು ನೋಡಿದಳು.

"ಇರ್ಲಿ" ಎಂದಳು. "ಆದ್ರ ಷರತ್ತು ತಿದ್ದುಪಡಿ ಆಕ್ಕೈತಿ. ಸಣ್ಣ ಗಾಡಿ ಏನೂ ತಪ್ಪು ಮಾಡಿಲ್ಲ, ಅದರ ರಿಮೋಟು ನನ್ನ ಕೈಯಾಗ ಇರತೈತಿ. ದೊಡ್ಡದರ ರಿಮೋಟು ಈಗ ಯಾರ ಕೊಳ್ಳಾಗ ಐತಿ, ಅಲ್ಲೇ ಇರ್ಲಿ."

ಮುಂದಿನ ಭಾನುವಾರ ಅಪ್ಪ ಮಗಳ ಸವಾರಿ ಹೊಲಕ್ಕೆ ಹೊರಟಿತು. ಗೊಂಡೆ ಇಲ್ಲ, ಬಟ್ಟೆ ಇಲ್ಲ. ಅವ್ವನ ಸಮಾಧಾನಕ್ಕೆ ಹಿಂದೆ ಒಂದು ಗೆಜ್ಜೆ ಮಾತ್ರ. ಬದುವಿನ ಮೇಲೆ ಸುಕನ್ಯಾ ರಿಮೋಟು ಹಿಡಿದು ನಿಂತಿದ್ದಳು. ಹಿಂದಿನ ದಿನ ಮಳೆಯಾಗಿತ್ತು. ಎರೆ ಮಣ್ಣು ಗಾಲಿಗೆ ಮೆತ್ತಿ ಉದುರುತ್ತಿತ್ತು, ಗಾಡಿ ಸಿಕ್ಕಿಬೀಳಲಿಲ್ಲ. ಟೈರು, ಗಾಳಿ, ಹಂಚಿದ ಭಾರ, ಎಲ್ಲವೂ ನಾನು ಹೇಳಿದಂತೆಯೇ! ಹಿಂದಿನಿಂದ ಮಗಳ ಸಣ್ಣ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು ಎಂದು ನಾನು ಎದೆ ಉಬ್ಬಿಸಿದೆ.

ನನ್ನ ಇಂಜಿನ್ನು ನಿಂತಿತು.

ಇಳಿದು ಪೆಟ್ರೋಲು ನೋಡಿದೆ, ಇತ್ತು. ಮತ್ತೆ ಶುರು ಮಾಡಿದೆ. ನಾಲ್ಕು ಮಾರು ಹೋದೆ. ಮತ್ತೆ ನಿಂತಿತು. ತಂತಿ ಮುಟ್ಟಿ ನೋಡಿದೆ, ಪ್ಲಗ್ಗು ಒರೆಸಿದೆ. ಇಬ್ರಾಹಿಂಸಾಬರ ಮೇಲೆ ಮೊದಲ ಸಲ ಅನುಮಾನ ಬಂತು. ಶುರು ಮಾಡಿ ಹತ್ತುವಷ್ಟರಲ್ಲಿ ಮತ್ತೆ ನಿಂತಿತು. ಹಿಂದಿರುಗಿ ನೋಡಿದೆ. ಸಹನಾ ತನ್ನ ಗಾಡಿಯನ್ನು ನಿಲ್ಲಿಸಿ, ಗಂಭೀರವಾಗಿ ಕೊರಳಿನ ರಿಮೋಟನ್ನು ಅಂಗಿಯೊಳಗೆ ಇಳಿಸುತ್ತಿದ್ದಳು.

"ಮೂರು ಸಲ ಆತಪ್ಪಾ" ಎಂದಳು. "ಈಗ ನೀ ಹೋಗಬಹುದು."